ಎಐ ನಮ್ಮ ಹಾಗೆಯೇ ಯೋಚಿಸುತ್ತದೆಯೇ? ಒಂದು ಅಣಬೆಯ ಫೋಟೊ, ಅಜ್ಜಿಯ ಒಂದು ಪ್ರಶ್ನೆ

ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹೀಗೊಂದು ಫಾರ್ವರ್ಡ್ ಬಂತು:

"ದಯವಿಟ್ಟು ಎಲ್ಲರಿಗೂ ತಿಳಿಸಿ. ಎಐ ಅಂದರೆ ಮನುಷ್ಯನ ಮೆದುಳಿನ ನಕಲು. ಜಗತ್ತಿನ ಎಲ್ಲ ಪುಸ್ತಕಗಳನ್ನೂ ಅದು ಓದಿ ಮುಗಿಸಿದೆ. ಎಲೆ, ಬೇರು, ಅಣಬೆ, ಮಾತ್ರೆ ಯಾವುದೇ ಇರಲಿ, ಫೋಟೊ ತೆಗೆದು ಕೇಳಿ, ಒಂದೇ ಸೆಕೆಂಡಿನಲ್ಲಿ ಉತ್ತರ. ಮನುಷ್ಯ ತಪ್ಪಬಹುದು, ಯಂತ್ರ ತಪ್ಪುವುದಿಲ್ಲ."

ಇಂಥ ಸಂದೇಶ ನಿಮಗೂ ಬಂದಿರಬಹುದು. ಇದಕ್ಕೆ ತದ್ವಿರುದ್ಧವಾದ ಇನ್ನೊಂದೂ ಬಂದಿರಬಹುದು: "ಎಐ ಬರೀ ಡಬ್ಬ, ಮನುಷ್ಯನ ಮೆದುಳಿನ ಮುಂದೆ ಏನೂ ಅಲ್ಲ, ನಮ್ಮ ಶಕುಂತಲಾ ದೇವಿ ಕಂಪ್ಯೂಟರನ್ನೇ ಸೋಲಿಸಿದ್ದರು." ಎರಡನ್ನೂ ಒಂದೇ ದಿನ ಒಬ್ಬರೇ ಕಳಿಸಿದ್ದನ್ನೂ ನಾನು ನೋಡಿದ್ದೇನೆ.

ಚುಟುಕಾಗಿ ಹೇಳುವುದಾದರೆ, ಮೊದಲ ಸಂದೇಶದಲ್ಲಿ ಮೂರು ಹೇಳಿಕೆಗಳಿವೆ. "ಮೆದುಳಿನ ನಕಲು" ಎಂಬುದು ಅರ್ಧ ನಿಜ. "ಎಲ್ಲವನ್ನೂ ಓದಿದೆ" ಎಂಬುದು ತಪ್ಪು. "ತಪ್ಪುವುದಿಲ್ಲ" ಎಂಬುದು ಅಪಾಯಕಾರಿ ಸುಳ್ಳು. ಏಕೆಂದು ಒಂದೊಂದಾಗಿ ನೋಡೋಣ. ಅದಕ್ಕೆ ಮೊದಲು, ಆ ಫಾರ್ವರ್ಡ್ ಬಂದ ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಬೇಕು.

ಬುಡ ಎಲ್ಲಿ?

ಕೊಡಗಿನಲ್ಲಿ ಮಳೆ ಹಿಡಿದರೆ ಊಟದ ಪಟ್ಟಿಯೇ ಬದಲಾಗುತ್ತದೆ. ಕಣಿಲೆ, ಕೆಸುವಿನ ಎಲೆ, ಏಡಿ, ಮತ್ತೆ ಅಣಬೆ. ಕೊಡವ ತಕ್ಕ್‌ನಲ್ಲಿ ಇದಕ್ಕೆ ಕುಮ್ಮು ಎನ್ನುತ್ತಾರೆ. ಅಂಗಡಿಯಲ್ಲಿ ಪ್ಯಾಕೆಟ್‌ನಲ್ಲಿ ಸಿಗುವ ಅಣಬೆಯಲ್ಲ, ತೋಟದಲ್ಲಿ, ಕಾಡಿನ ಅಂಚಿನಲ್ಲಿ ತಾನಾಗಿ ಏಳುವ ಅಣಬೆ. ಅದರಲ್ಲೂ ಗೆದ್ದಲು ಹುತ್ತದ ಸುತ್ತ ಏಳುವ ಅಣಬೆ ಸಿಕ್ಕಿತೆಂದರೆ ಅಂದು ಮನೆಯಲ್ಲಿ ಹಬ್ಬ.

ಬೆಂಗಳೂರಿನಿಂದ ರಜೆಗೆ ಬಂದಿದ್ದ ಚಿಕ್ಕಪ್ಪನ ಮಗ ಕಾಫಿ ತೋಟದಿಂದ ಒಂದು ಚೀಲ ಬಿಳಿ ಅಣಬೆ ಕೊಯ್ದು ತಂದ. ದಾರಿಯಲ್ಲೇ ಫೋಟೊ ತೆಗೆದು ಫೋನಿನ ಎಐ ಸಹಾಯಕನನ್ನು ಕೇಳಿದ್ದನಂತೆ. ಉತ್ತರ ಅಚ್ಚುಕಟ್ಟಾಗಿತ್ತು: ಇದು ಹುತ್ತದ ಅಣಬೆಯ ಜಾತಿಗೆ ಸೇರಿದ್ದು, ತಿನ್ನಲು ಯೋಗ್ಯ, ಚೆನ್ನಾಗಿ ತೊಳೆದು ಬೇಯಿಸಿ. ಕೆಳಗೆ ಸಾರು ಮಾಡುವ ವಿಧಾನವೂ ಇತ್ತು.

ಅಜ್ಜಿ ಒಂದನ್ನು ಕೈಗೆತ್ತಿಕೊಂಡರು. ಮಗುಚಿ ನೋಡಿದರು, ಮೂಸಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಬುಡ ಎಲ್ಲಿ?"

ಅವನು ನೆಲದ ಮಟ್ಟಕ್ಕೆ ಚಾಕುವಿನಿಂದ ಕೊಯ್ದಿದ್ದ. ಬುಡ ಮಣ್ಣಿನಲ್ಲೇ ಉಳಿದಿತ್ತು. ಅಜ್ಜಿ ಕತ್ತಿ ಹಿಡಿದು ಅವನನ್ನು ಕರೆದುಕೊಂಡು ಹೊರಟರು, ನಾನೂ ಹಿಂದೆ ಹೋದೆ. ಕೊಯ್ಯದೆ ಬಿಟ್ಟಿದ್ದ ಒಂದರ ಸುತ್ತ ಮಣ್ಣು ಬಿಡಿಸಿ ನೋಡಿದರು. ಹುತ್ತ ಹತ್ತಿರದಲ್ಲೇ ಇತ್ತು, ಆದರೆ ಅಣಬೆಯ ಕಾಂಡ ಅಲ್ಲಿಗೆ ಇಳಿದಿರಲಿಲ್ಲ. ಗಿಡ್ಡವಾಗಿ ಮಣ್ಣಿನ ಮೇಲ್ಭಾಗದಲ್ಲೇ ಮುಗಿದಿತ್ತು. "ಇದು ನನಗೆ ಗೊತ್ತಿರುವುದಲ್ಲ. ಬೇಡ" ಎಂದರು. ಇಡೀ ಚೀಲ ಗುಂಡಿಗೆ ಹೋಯಿತು.

ಆ ಅಣಬೆ ನಿಜಕ್ಕೂ ವಿಷದ್ದಾಗಿತ್ತೇ? ಯಾರೂ ಪರೀಕ್ಷೆಗೆ ಕಳಿಸಲಿಲ್ಲ. ಯಂತ್ರ ಹೇಳಿದ್ದೇ ಸರಿಯೂ ಇದ್ದಿರಬಹುದು. ಹಾಗಾಗಿ ಇದು ಅಜ್ಜಿ ಗೆದ್ದ, ಎಐ ಸೋತ ಕಥೆಯಲ್ಲ. ಇಬ್ಬರೂ ಒಂದೇ ಅಣಬೆ ನೋಡಿದರು. ಒಬ್ಬರು ಉತ್ತರ ಕೊಟ್ಟರು, ಇನ್ನೊಬ್ಬರು ಪ್ರಶ್ನೆ ಕೇಳಿದರು. ಮನುಷ್ಯನ ಯೋಚನೆಗೂ ಯಂತ್ರದ ವಿನ್ಯಾಸಕ್ಕೂ ಇರುವ ವ್ಯತ್ಯಾಸ ಅರ್ಥವಾಗಲು ಇದಕ್ಕಿಂತ ಸುಲಭದ ಉದಾಹರಣೆ ನನಗೆ ಸಿಕ್ಕಿಲ್ಲ.

ಹೇಳಿಕೆ 1: "ಎಐ ಮನುಷ್ಯನ ಮೆದುಳಿನ ನಕಲು"

ಅರ್ಧ ನಿಜ. ಈ ಯಂತ್ರಗಳ ಮೂಲ ಕಲ್ಪನೆ ಮೆದುಳಿನಿಂದಲೇ ಬಂದದ್ದು. 1943ರಲ್ಲಿ ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ಎಂಬ ಇಬ್ಬರು ಅಮೆರಿಕದಲ್ಲಿ, ನರಕೋಶ ಅಂದರೆ ನ್ಯೂರಾನ್ ಕೆಲಸ ಮಾಡುವ ರೀತಿಯನ್ನು ಸರಳ ಗಣಿತವಾಗಿ ಬರೆದು ತೋರಿಸಿದರು. 1958ರಲ್ಲಿ ಫ್ರಾಂಕ್ ರೋಸೆನ್‌ಬ್ಲಾಟ್ ಅದೇ ಹಾದಿಯಲ್ಲಿ ಮುಂದುವರಿದು, ಉದಾಹರಣೆಗಳಿಂದ ಕಲಿಯುವ 'ಪರ್ಸೆಪ್ಟ್ರಾನ್' ಎಂಬ ವಿನ್ಯಾಸವನ್ನು ಮುಂದಿಟ್ಟರು. ಇಂದಿನ ಎಐ ಆ ಗಿಡದ್ದೇ ಬೆಳೆದ ಮರ. ಈ ಕೆಲಸಕ್ಕೆ ತಳಪಾಯ ಹಾಕಿದ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ 2024ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯೂ ಬಂತು.

ಆದರೆ ಕಲ್ಪನೆ ಪಡೆಯುವುದು ಬೇರೆ, ನಕಲು ಮಾಡುವುದು ಬೇರೆ. ಹಕ್ಕಿಯನ್ನು ನೋಡಿ ವಿಮಾನ ಮಾಡಿದರು ನಿಜ, ಆದರೆ ವಿಮಾನ ರೆಕ್ಕೆ ಬಡಿಯುವುದಿಲ್ಲ, ಮೊಟ್ಟೆ ಇಡುವುದಿಲ್ಲ.

ಯಂತ್ರದೊಳಗಿನ 'ಕೃತಕ ನರಕೋಶ' ಮಾಡುವುದು ಇಷ್ಟೇ: ಒಂದಷ್ಟು ಸಂಖ್ಯೆಗಳನ್ನು ತೆಗೆದುಕೊಂಡು, ಗುಣಿಸಿ, ಕೂಡಿಸಿ, ಬಂದ ಮೊತ್ತವನ್ನು ಸ್ವಲ್ಪ ಮಾರ್ಪಡಿಸಿ ಮುಂದಕ್ಕೆ ಕಳಿಸುವುದು. ನಮ್ಮ ತಲೆಯೊಳಗಿನ ನರಕೋಶ ಇದಕ್ಕಿಂತ ಬಹಳ ಸಂಕೀರ್ಣ. 2021ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಸಂಶೋಧಕರು ಮೆದುಳಿನ ಒಂದೇ ಒಂದು ನರಕೋಶದ ವರ್ತನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಲು ಹೊರಟಾಗ, ಅದಕ್ಕೆ 5ರಿಂದ 8 ಪದರಗಳಿರುವ ಕೃತಕ ಜಾಲವೇ ಬೇಕಾಯಿತು. ಅಂಥ ನರಕೋಶಗಳು ನಮ್ಮ ತಲೆಯಲ್ಲಿ ಸುಮಾರು 8,600 ಕೋಟಿ ಇವೆ. ಅಷ್ಟೂ ಸೇರಿ ಬಳಸುವ ಶಕ್ತಿ ಸುಮಾರು 20 ವಾಟ್, ಮನೆಯ ಒಂದು ಎಲ್‌ಇಡಿ ಬಲ್ಬಿನಷ್ಟು.

ಹಾಗಾದರೆ ಯಂತ್ರ ಮಾಡುವುದೇನು?

ನಿಮ್ಮ ಫೋನಿನಲ್ಲಿ "ನಾಳೆ ಮಡಿಕೇರಿಗೆ" ಎಂದು ಟೈಪ್ ಮಾಡಿ ನಿಲ್ಲಿಸಿ. ಕೀಲಿಮಣೆಯ ಮೇಲೆ "ಬರ್ತೀನಿ", "ಹೋಗ್ತೀನಿ" ಎಂಬಂಥ ಸೂಚನೆಗಳು ಬರುತ್ತವೆ. ನಿಮಗೆ ಮಡಿಕೇರಿಯಲ್ಲಿ ಏನು ಕೆಲಸವಿದೆ ಎಂಬುದು ಫೋನಿಗೆ ಗೊತ್ತಿಲ್ಲ. ಜನ ಸಾಮಾನ್ಯವಾಗಿ ಈ ಪದಗಳ ನಂತರ ಏನು ಬರೆಯುತ್ತಾರೆ ಎಂಬುದಷ್ಟೇ ಗೊತ್ತು.

ಚಾಟ್ ಮಾಡುವ ಎಐಯ ತಿರುಳೂ ಇದೇ. ಕೋಟಿಗಟ್ಟಲೆ ಪುಟಗಳ ಬರಹದಲ್ಲಿ ಯಾವ ಪದದ ನಂತರ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂಬುದನ್ನು ಅದು ಕಲಿತಿರುತ್ತದೆ. ಕಲಿಕೆಯ ಪ್ರಮಾಣ ಮಾತ್ರ ನಮ್ಮ ಕೀಲಿಮಣೆಗೆ ಹೋಲಿಸಲಾಗದಷ್ಟು ದೊಡ್ಡದು. ಹಾಗಾಗಿ ಅದು ವ್ಯಾಕರಣ, ವಿಷಯ, ಧಾಟಿ ಎಲ್ಲವನ್ನೂ ಹಿಡಿದುಕೊಂಡಿರುತ್ತದೆ. ಇತ್ತೀಚಿನವು ಲೆಕ್ಕವನ್ನು ಹಂತಹಂತವಾಗಿ ಬಿಡಿಸುತ್ತವೆ, ಇಂಟರ್ನೆಟ್‌ನಲ್ಲಿ ಹುಡುಕುತ್ತವೆ, ಕೆಲವೊಮ್ಮೆ ತಿರುಗಿ ಪ್ರಶ್ನೆಯನ್ನೂ ಕೇಳುತ್ತವೆ. ಇದನ್ನು "ಬರೀ ಡಬ್ಬ" ಎಂದು ತಳ್ಳಿಹಾಕುವುದೂ ಸರಿಯಲ್ಲ.

ಫೋಟೊ ನೋಡುವಾಗಲೂ ಹೀಗೆಯೇ. ಯಂತ್ರಕ್ಕೆ ಫೋಟೊ ಅಂದರೆ ಬಣ್ಣದ ಚುಕ್ಕಿಗಳ ಸಂಖ್ಯೆಗಳು. ಹಿಂದೆ ನೋಡಿದ ಲಕ್ಷಾಂತರ ಫೋಟೊಗಳಲ್ಲಿ 'ಅಣಬೆ' ಎಂಬ ಹೆಸರಿನೊಂದಿಗೆ ಯಾವ ಆಕಾರ, ಯಾವ ಬಣ್ಣ, ಯಾವ ಅಂಚು ಜೊತೆಯಾಗಿ ಬಂದಿದ್ದವು ಎಂಬುದರ ಮೇಲೆ ಅದರ ಉತ್ತರ ನಿಂತಿದೆ. ಯಾವುದನ್ನು ಆಧಾರವಾಗಿ ಹಿಡಿಯಿತು ಎಂಬುದು ಹೊರಗಿನಿಂದ ನಮಗೆ ಕಾಣುವುದಿಲ್ಲ. ಇದನ್ನು ತೋರಿಸಲೆಂದೇ 2016ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ತೋಳ ಮತ್ತು ಹಸ್ಕಿ ನಾಯಿಯನ್ನು ಗುರುತಿಸಲು ಯಂತ್ರಕ್ಕೆ ಕಲಿಸಿದರು. ಬೇಕೆಂದೇ ತೋಳದ ಫೋಟೊಗಳಲ್ಲೆಲ್ಲ ಹಿಮ ಇರುವಂತೆ, ನಾಯಿಯ ಫೋಟೊಗಳಲ್ಲಿ ಹಿಮ ಇಲ್ಲದಂತೆ ನೋಡಿಕೊಂಡರು. ಆಮೇಲೆ ಪರೀಕ್ಷಿಸಿದಾಗ ಯಂತ್ರ ಪ್ರಾಣಿಯ ಮುಖವನ್ನು ನೋಡುತ್ತಲೇ ಇರಲಿಲ್ಲ. ಹಿಂದೆ ಹಿಮ ಕಂಡರೆ 'ತೋಳ' ಎನ್ನುತ್ತಿತ್ತು.

ನಮ್ಮ ಅಣಬೆಯ ಫೋಟೊದಲ್ಲಿ ಹಿಂಬದಿಗೆ ಒಂದು ಹುತ್ತವಿತ್ತು. ಯಂತ್ರ ಅಣಬೆಯನ್ನು ನೋಡಿ 'ಹುತ್ತದ ಅಣಬೆ' ಎಂದಿತೋ, ಹುತ್ತವನ್ನು ನೋಡಿಯೋ?

ಹೇಳಿಕೆ 2: "ಜಗತ್ತಿನ ಎಲ್ಲವನ್ನೂ ಓದಿದೆ"

ತಪ್ಪು. ಯಂತ್ರ ಓದಿದ್ದು ಬಹಳ, ಆದರೆ ಎಲ್ಲವನ್ನಲ್ಲ. ಯಾರು ಬರೆದು ಇಂಟರ್ನೆಟ್‌ಗೆ ಹಾಕಿದ್ದಾರೋ ಅದನ್ನೇ ಹೆಚ್ಚಾಗಿ ಓದಿದೆ.

2020ರಲ್ಲಿ ಬಂದ ಜಿಪಿಟಿ-3 ಎಂಬ ಭಾಷಾ ಮಾದರಿಗೆ ಸುಮಾರು 30,000 ಕೋಟಿ ಪದತುಣುಕುಗಳನ್ನು ಉಣಿಸಲಾಗಿತ್ತು. ಅದರ ತರಬೇತಿ ಬರಹದಲ್ಲಿ ಶೇ 90ಕ್ಕೂ ಹೆಚ್ಚು ಪದಗಳು ಇಂಗ್ಲಿಷಿನವು. ಉಳಿದ ಚೂರಿನಲ್ಲಿ ಜಗತ್ತಿನ ಬೇರೆಲ್ಲ ಭಾಷೆಗಳು ಜಾಗ ಹಂಚಿಕೊಳ್ಳಬೇಕು. ಆಮೇಲೆ ಬಂದ ಮಾದರಿಗಳಲ್ಲಿ ಕನ್ನಡ ಸಾಕಷ್ಟು ಸುಧಾರಿಸಿದೆ. ಆದರೆ ಕೊಡವ ತಕ್ಕ್? 2011ರ ಜನಗಣತಿಯಲ್ಲಿ ಇದನ್ನು ತಾಯ್ನುಡಿ ಎಂದು ಬರೆಸಿದವರು 1,13,857 ಮಂದಿ. ಯುನೆಸ್ಕೊ ಇದನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಇಟ್ಟಿದೆ. ಅರೆಭಾಷೆ, ಯರವರ ಮಾತು, ಜೇನುಕುರುಬರ ಮಾತು ಇವುಗಳಲ್ಲಿ ಬರೆದಿಟ್ಟದ್ದು ಇನ್ನೂ ಕಡಿಮೆ. ಯಾವ ಅಣಬೆ ಯಾವ ಮರದ ಕೆಳಗೆ ಏಳುತ್ತದೆ, ಯಾವುದನ್ನು ಮುಟ್ಟಬಾರದು ಎಂಬ ತಿಳಿವಳಿಕೆ ಇರುವುದು ಈ ಮಾತುಗಳಲ್ಲೇ. ಅದು ಬಾಯಿಂದ ಬಾಯಿಗೆ ಬಂದದ್ದು, ಪುಟಕ್ಕೆ ಇಳಿದದ್ದಲ್ಲ. ಪುಟಕ್ಕೆ ಇಳಿಯದ್ದನ್ನು ಯಂತ್ರ ಓದುವುದಾದರೂ ಹೇಗೆ?

ಇನ್ನೊಂದು ಕಡೆ, ನಮ್ಮ ಕಲಿಕೆಗೆ ಇಷ್ಟೊಂದು ಓದು ಬೇಕಾಗಿಯೇ ಇಲ್ಲ. ಹದಿಮೂರು ವರ್ಷ ತುಂಬುವ ಹೊತ್ತಿಗೆ ಒಂದು ಮಗು ಕೇಳಿಸಿಕೊಂಡಿರುವ ಪದಗಳು ಹೆಚ್ಚೆಂದರೆ 10 ಕೋಟಿ ಎಂದು ಸಂಶೋಧಕರ ಅಂದಾಜು. ಯಂತ್ರ ಓದಿದ್ದರ ಸಾವಿರಾರು ಪಾಲಿನಲ್ಲಿ ಒಂದು ಪಾಲೂ ಅಲ್ಲ. ಆದರೂ ಕೊಡಗಿನ ಮಗು ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮಲಯಾಳ ಕಲಿತಿರುತ್ತದೆ. ಏಕೆಂದರೆ ಅದು ಪದಗಳನ್ನು ಮಾತ್ರ ಕಲಿಯುವುದಿಲ್ಲ. 'ಬಿಸಿ' ಎಂಬ ಪದದ ಜೊತೆ ಸುಟ್ಟ ಬೆರಳೂ ಇದೆ. 'ಜಿಗಣೆ' ಎಂಬ ಪದದ ಜೊತೆ ಕಾಲಿನಿಂದ ಇಳಿದ ರಕ್ತವೂ ಇದೆ.

ಅಜ್ಜಿಯ ತಲೆಯಲ್ಲಿ ನಡೆದದ್ದೇನು?

ಅಜ್ಜಿ ಕೂಡ ಮೊದಲು ಮಾಡಿದ್ದು ಹೋಲಿಕೆಯನ್ನೇ. ಅರವತ್ತು ಮಳೆಗಾಲಗಳಲ್ಲಿ ನೋಡಿದ ಅಣಬೆಗಳ ಜೊತೆ ಇದನ್ನು ಹೋಲಿಸಿದರು. ಇಷ್ಟರ ಮಟ್ಟಿಗೆ ಅವರೂ ಯಂತ್ರವೂ ಒಂದೇ. ವ್ಯತ್ಯಾಸ ಶುರುವಾಗುವುದು ಅದರ ಮುಂದೆ, ಮೂರು ಕಡೆ.

ಮೊದಲನೆಯದು, ಅವರಿಗೆ ಕಾರಣ ಗೊತ್ತು. ಹುತ್ತದ ಅಣಬೆ ಹುತ್ತದ ಬಳಿ ಏಳುವುದು ಕಾಕತಾಳೀಯವಲ್ಲ. ಕೆಲವು ಜಾತಿಯ ಗೆದ್ದಲುಗಳು ಒಂದು ರೀತಿಯಲ್ಲಿ ರೈತರು. ನೆಲದೊಳಗಿನ ಗೂಡಿನಲ್ಲಿ ಅವು ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಸಾಕುತ್ತವೆ. ಮಳೆ ಬಿದ್ದಾಗ ಅಲ್ಲಿಂದಲೇ ಅಣಬೆ ಮೇಲಕ್ಕೆ ಏಳುತ್ತದೆ. ಹಾಗಾಗಿ ಅದರ ಕಾಂಡ ಸಾಮಾನ್ಯವಾಗಿ ಬೇರಿನಂತೆ ಉದ್ದವಾಗಿ ಗೂಡಿನ ತನಕ ಇಳಿದಿರುತ್ತದೆ. ಅಜ್ಜಿಗೆ ವಿಜ್ಞಾನದ ಹೆಸರು ಗೊತ್ತಿಲ್ಲ, ಸಂಬಂಧ ಗೊತ್ತು: ಹುತ್ತದ್ದಾದರೆ ಹುತ್ತಕ್ಕೆ ಇಳಿದಿರಲೇಬೇಕು.

ಎರಡನೆಯದು, ಮುಂದಿಟ್ಟದ್ದರಲ್ಲಿ ಏನು ಇಲ್ಲ ಎಂಬುದು ಅವರಿಗೆ ಕಂಡಿತು. ಫೋಟೊದಲ್ಲಿ ಕೊಡೆ ಇತ್ತು, ಕಾಂಡ ಇತ್ತು, ಬುಡ ಇರಲಿಲ್ಲ. ಅಣಬೆಯ ವಿಷಯದಲ್ಲಿ ಬುಡ ಬಹಳ ಮುಖ್ಯ. ಜಗತ್ತಿನಲ್ಲಿ ಅಣಬೆ ವಿಷದಿಂದಾಗುವ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣವಾದ ಅಮಾನಿಟಾ ಜಾತಿಯ ಅಣಬೆಗಳಿಗೆ ಬುಡದಲ್ಲಿ ಬಟ್ಟಲಿನಂಥ ಒಂದು ಪೊರೆ ಇರುತ್ತದೆ, ಅದು ಸಾಮಾನ್ಯವಾಗಿ ಮಣ್ಣಿನೊಳಗೆ ಮುಚ್ಚಿರುತ್ತದೆ. ಮೇಲಿನಿಂದ ತೆಗೆದ ಫೋಟೊದಲ್ಲಿ ಅದು ಬರುವುದೇ ಇಲ್ಲ. ಫೋನು ತನ್ನ ಮುಂದಿಟ್ಟದ್ದಕ್ಕೆ ಉತ್ತರ ಕೊಟ್ಟಿತು. ಅಜ್ಜಿ ಮುಂದಿಡದೇ ಇದ್ದದ್ದನ್ನು ಕೇಳಿದರು, ಎದ್ದು ಹೋಗಿ ಅಗೆದೂ ನೋಡಿದರು.

ಮೂರನೆಯದು, ತಪ್ಪಾದರೆ ಏನಾಗುತ್ತದೆ ಎಂಬುದು ಅವರ ಲೆಕ್ಕದಲ್ಲಿತ್ತು. ಆ ಸಾರನ್ನು ಉಣ್ಣಬೇಕಾದವರು ಅವರ ಮೊಮ್ಮಕ್ಕಳು. ಒಳ್ಳೆಯ ಅಣಬೆಯನ್ನು ಎಸೆದರೆ ಒಂದು ಹೊತ್ತಿನ ಸಾರು ಹೋಯಿತು, ಕೆಟ್ಟದ್ದನ್ನು ಬೇಯಿಸಿದರೆ ಜೀವ ಹೋಗುತ್ತದೆ. ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಆದ್ದರಿಂದಲೇ "ಗೊತ್ತಿಲ್ಲ" ಎಂಬುದು ಅವರಿಗೆ "ಬೇಡ" ಎಂದಾಯಿತು.

ಒಂದು ಎಚ್ಚರಿಕೆ: "ಉದ್ದ ಬೇರಿದ್ದರೆ ತಿನ್ನಬಹುದು" ಎಂದು ಇದನ್ನು ನಿಯಮ ಮಾಡಿಕೊಳ್ಳಬೇಡಿ, ಹಾಗೆಂದು ಫಾರ್ವರ್ಡ್ ಕೂಡ ಮಾಡಬೇಡಿ. ಅಜ್ಜಿ ನೋಡುವ ಹತ್ತಾರು ಗುರುತುಗಳಲ್ಲಿ ಇದು ಒಂದು ಮಾತ್ರ.

ಹಾಗಂತ ಮನುಷ್ಯರೇ ಮೇಲೇ?

ಅದೂ ಅಲ್ಲ. ಒಂದು ಚಿಕ್ಕ ಲೆಕ್ಕ ಮಾಡಿ. ಒಂದು ಕೊಡೆ ಮತ್ತು ಒಂದು ಪೆನ್ನು ಸೇರಿ 110 ರೂಪಾಯಿ. ಕೊಡೆಯ ಬೆಲೆ ಪೆನ್ನಿಗಿಂತ 100 ರೂಪಾಯಿ ಹೆಚ್ಚು. ಪೆನ್ನಿನ ಬೆಲೆ ಎಷ್ಟು?

ತಕ್ಷಣ "10" ಎಂದಿರಾ? ಹಾಗಾದರೆ ಕೊಡೆಗೆ 110, ಎರಡೂ ಸೇರಿ 120 ಆಗುತ್ತದೆ. ಸರಿಯುತ್ತರ 5. ಇದು ಮನಶ್ಶಾಸ್ತ್ರಜ್ಞರು ಬಳಸುವ ಹಳೆಯ ಪ್ರಶ್ನೆ, ಬಹಳ ಮಂದಿ ಇದರಲ್ಲಿ ಎಡವುತ್ತಾರೆ. ಡೇನಿಯಲ್ ಕಾಹ್ನೆಮನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ವಿವರಿಸುವಾಗ ನಮ್ಮ ಯೋಚನೆಯಲ್ಲಿ ಎರಡು ರೀತಿ ಇದೆ ಎಂದರು: ಒಂದು ವೇಗವಾಗಿ, ತಾನಾಗಿ ಬರುವ ಉತ್ತರ. ಇನ್ನೊಂದು ನಿಧಾನವಾಗಿ, ಶ್ರಮಪಟ್ಟು ಪರೀಕ್ಷಿಸುವ ಉತ್ತರ. ಮೊದಲನೆಯದು ಕೀಲಿಮಣೆಯ ಸೂಚನೆಯ ಹಾಗೆಯೇ, ಬಾಯಿಗೆ ಸುಲಭವಾಗಿ ಬಂದದ್ದನ್ನು ಹೇಳಿಬಿಡುತ್ತದೆ.

ಅಣಬೆಯ ವಿಷಯದಲ್ಲೂ ಮನುಷ್ಯರ ತಪ್ಪು ನಂಬಿಕೆಗಳಿಗೆ ಬರವಿಲ್ಲ. "ಬೇಯಿಸುವಾಗ ಬೆಳ್ಳಿ ನಾಣ್ಯ ಹಾಕಿ, ಕಪ್ಪಾದರೆ ವಿಷ", "ಬೆಳ್ಳುಳ್ಳಿ ಬಣ್ಣ ಬದಲಾದರೆ ವಿಷ", "ಹುಳು ತಿಂದಿದ್ದರೆ ಮನುಷ್ಯರೂ ತಿನ್ನಬಹುದು". ಇವು ಮೂರೂ ಸುಳ್ಳು. ಅಮಾನಿಟಾದ ವಿಷ ಬೆಳ್ಳಿಯನ್ನು ಕಪ್ಪಾಗಿಸುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ, ಹುಳುಗಳಿಗೆ ಏನೂ ಆಗದೆ ಇರಬಹುದು. ಒಂದು ಊರಿನ ಹಿರಿಯರು ತಮ್ಮ ತೋಟದ, ತಾವು ವರ್ಷವರ್ಷವೂ ತಿಂದ ಅಣಬೆಯ ಬಗ್ಗೆ ಹೇಳುವುದು ಅನುಭವ. ಎಲ್ಲ ಅಣಬೆಗೂ ಒಂದೇ ಸುಲಭ ಪರೀಕ್ಷೆ ಎಂದು ಹೇಳುವುದು ಮೂಢನಂಬಿಕೆ. ಅದನ್ನು ಅಜ್ಜಿ ಹೇಳಿದರೂ ಅಷ್ಟೇ, ಎಐ ಹೇಳಿದರೂ ಅಷ್ಟೇ.

ಇನ್ನು ಶಕುಂತಲಾ ದೇವಿಯವರ ವಿಷಯ. ಬೆಂಗಳೂರಿನಲ್ಲಿ ಹುಟ್ಟಿದ ಇವರ ಸಾಧನೆ ನಿಜ. 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿದರು. ಅದೇ ಲೆಕ್ಕಕ್ಕೆ ಯುನಿವ್ಯಾಕ್ ಕಂಪ್ಯೂಟರ್ 62 ಸೆಕೆಂಡು ತೆಗೆದುಕೊಂಡಿತು ಎಂದು ಆಗ ವರದಿಯಾಗಿತ್ತು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದ್ದು ಗಿನ್ನೆಸ್ ದಾಖಲೆಯಾಯಿತು. ಆದರೆ ಇಂದು ನಿಮ್ಮ ಕೈಯಲ್ಲಿರುವ ಫೋನು ಆ ಗುಣಾಕಾರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. ಹಾಗಂತ ಫೋನು ಶಕುಂತಲಾ ದೇವಿಗಿಂತ ಬುದ್ಧಿವಂತ ಎನ್ನುತ್ತೇವೆಯೇ?

ಕುತೂಹಲದ ಸಂಗತಿ ಬೇರೆಯೇ ಇದೆ. 1988ರಲ್ಲಿ ಬರ್ಕ್ಲಿಯ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿದರು. ದೀಪ ಉರಿದ ಕೂಡಲೇ ಗುಂಡಿ ಒತ್ತುವಂಥ ಸರಳ ಕೆಲಸಗಳಲ್ಲಿ ಅವರ ವೇಗ ಸಾಮಾನ್ಯರಷ್ಟೇ ಇತ್ತು. ಅಂದರೆ ಅವರ ತಲೆಯೊಳಗೆ ಹೆಚ್ಚು ವೇಗದ 'ಯಂತ್ರ' ಇರಲಿಲ್ಲ. ಬಾಲ್ಯದಿಂದ ಸಂಖ್ಯೆಗಳ ಜೊತೆಗೇ ಬದುಕಿದ್ದರಿಂದ ನಮಗೆ ಅಂಕಿಗಳ ಸಾಲಾಗಿ ಕಾಣುವುದು ಅವರಿಗೆ ಪರಿಚಿತ ಮುಖದಂತೆ ಕಾಣುತ್ತಿತ್ತು. ಯಂತ್ರ ಮತ್ತು ಮನುಷ್ಯ ಒಂದೇ ಉತ್ತರಕ್ಕೆ ಬೇರೆ ಬೇರೆ ದಾರಿಯಲ್ಲಿ ಬರುತ್ತಾರೆ. ಯಾರು ಮೇಲು ಎಂಬ ಫಾರ್ವರ್ಡ್‌ಗಳು ಈ ದಾರಿಯನ್ನೇ ಮರೆಸಿಬಿಡುತ್ತವೆ.

ಹೇಳಿಕೆ 3: "ಯಂತ್ರ ತಪ್ಪುವುದಿಲ್ಲ"

ಇದು ಶುದ್ಧ ಸುಳ್ಳು, ಮೂರರಲ್ಲಿ ಜೀವಕ್ಕೆ ಎರವಾಗಬಲ್ಲದ್ದೂ ಇದೇ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಸಂಶೋಧಕರು ಅಣಬೆ ಗುರುತಿಸುವ ಮೂರು ಆ್ಯಪ್‌ಗಳನ್ನು 78 ಮಾದರಿಗಳ ಫೋಟೊ ಕೊಟ್ಟು ಪರೀಕ್ಷಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂರರಲ್ಲಿ ಅತ್ಯುತ್ತಮವಾದದ್ದೂ ಸರಿಯಾಗಿ ಗುರುತಿಸಿದ್ದು ಶೇ 49ರಷ್ಟನ್ನು ಮಾತ್ರ. ಉಳಿದೆರಡು ಶೇ 35. ನಾಣ್ಯ ಚಿಮ್ಮಿ ನೋಡಿದ ಹಾಗಾಯಿತು.

ತಪ್ಪುವುದು ಹೋಗಲಿ, ತಪ್ಪುವಾಗಲೂ ಅಷ್ಟೊಂದು ಖಚಿತವಾಗಿ ಹೇಗೆ ಹೇಳುತ್ತದೆ? 2025ರಲ್ಲಿ ಓಪನ್‌ಎಐ ಸಂಶೋಧಕರೇ ಪ್ರಕಟಿಸಿದ ಪ್ರಬಂಧವೊಂದು ಇದಕ್ಕೆ ಒಂದು ಕಾರಣ ಕೊಟ್ಟಿದೆ. ನೆಗೆಟಿವ್ ಅಂಕ ಇಲ್ಲದ ಬಹುಆಯ್ಕೆಯ ಪರೀಕ್ಷೆಯನ್ನು ನೆನಪಿಸಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೂ ನಾವು ಯಾವುದಾದರೂ ಒಂದಕ್ಕೆ ಗುರುತು ಹಾಕಿ ಬರುತ್ತಿದ್ದೆವು. ಖಾಲಿ ಬಿಟ್ಟರೆ ಸೊನ್ನೆ ಗ್ಯಾರಂಟಿ, ಊಹಿಸಿದರೆ ಅದೃಷ್ಟವಿದ್ದರೆ ಒಂದಂಕ. ಯಂತ್ರಗಳನ್ನು ಅಳೆಯುವ ಪರೀಕ್ಷೆಗಳಲ್ಲಿ ಬಹುಪಾಲು ಇದೇ ರೀತಿಯವು. "ಗೊತ್ತಿಲ್ಲ" ಎಂದದ್ದಕ್ಕೆ ಅಂಕವಿಲ್ಲ. ಹಾಗಾಗಿ ಊಹಿಸುವ ಅಭ್ಯಾಸವೇ ಬಲಿಯುತ್ತದೆ. ಇದನ್ನು ಸರಿಪಡಿಸುವ ಕೆಲಸ ನಡೆದಿದೆ, ಹೊಸ ಮಾದರಿಗಳು ಹಿಂದಿನವಕ್ಕಿಂತ ಹೆಚ್ಚು ಸಲ "ಖಚಿತವಿಲ್ಲ" ಎನ್ನುತ್ತಿವೆ. ಆದರೆ ಇಂದಿಗೂ ಸರಿಯುತ್ತರ ಮತ್ತು ಊಹೆ ಎರಡೂ ಒಂದೇ ಧ್ವನಿಯಲ್ಲಿ, ಒಂದೇ ಅಚ್ಚುಕಟ್ಟಿನಲ್ಲಿ ಬರುತ್ತವೆ.

ಮನುಷ್ಯರ ಮಾತಿನಲ್ಲಿ ನಮಗೆ ಗುರುತು ಸಿಗುತ್ತದೆ. ಅಳುಕಿದಾಗ ದನಿ ತಗ್ಗುತ್ತದೆ, ಕಣ್ಣು ಅತ್ತಿತ್ತ ಹೋಗುತ್ತದೆ, "ಅನ್ಸುತ್ತೆ" ಎಂಬ ಬಾಲ ಸೇರುತ್ತದೆ. ಚೆನ್ನಾಗಿ ಮಾತಾಡುವವರಿಗೆ ವಿಷಯ ಗೊತ್ತಿರುತ್ತದೆ ಎಂದು ನಂಬುವ ಅಭ್ಯಾಸ ನಮ್ಮದು. ಯಂತ್ರದ ಮುಂದೆ ಈ ಅಭ್ಯಾಸ ನಮಗೇ ಕೈಕೊಡುತ್ತದೆ.

ಹಾಗಾದರೆ ಯಂತ್ರವನ್ನು ಯಾವುದಕ್ಕೆ ನಂಬಬಹುದು?

ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದಕ್ಕೆ ಹೋಗಿ ನೋಡಿ. ಅಲ್ಲಿ ಬಣ್ಣ ನೋಡಿ ಬೇಳೆ ವಿಂಗಡಿಸುವ ಯಂತ್ರಗಳಿರುತ್ತವೆ. ಕ್ಯಾಮೆರಾದ ಮುಂದೆ ಕಾಫಿ ಬೇಳೆ ಧೋ ಎಂದು ಸುರಿಯುತ್ತಿರುತ್ತದೆ, ಕಪ್ಪು ಬೇಳೆ ಕಂಡ ಕೂಡಲೇ ಗಾಳಿ ಊದಿ ಆಚೆ ತಳ್ಳುತ್ತದೆ. ಅಷ್ಟು ವೇಗವಾಗಿ, ದಣಿವಿಲ್ಲದೆ ಆ ಕೆಲಸವನ್ನು ಯಾರಿಂದಲೂ ಮಾಡಲಾಗದು. ಏಕೆ ಅಲ್ಲಿ ನಂಬುತ್ತೇವೆ? ಪ್ರಶ್ನೆ ಒಂದೇ: ಬೇಳೆ ಕಪ್ಪೇ, ಅಲ್ಲವೇ? ಉತ್ತರಕ್ಕೆ ಬೇಕಾದದ್ದೆಲ್ಲ ಕ್ಯಾಮೆರಾದ ಮುಂದೆಯೇ ಇದೆ. ಒಂದೆರಡು ತಪ್ಪಿದರೆ ನಷ್ಟ ಅಲ್ಪ. ಮೇಲಾಗಿ, ವಿಂಗಡಿಸಿದ್ದನ್ನು ಮತ್ತೆ ಪರೀಕ್ಷಿಸುವವರು ಇದ್ದಾರೆ.

ಇದೇ ನಾಲ್ಕು ಮಾತುಗಳನ್ನು ಫೋನಿನ ಎಐಗೂ ಅನ್ವಯಿಸಿ. ಒಂದು ಅರ್ಜಿ ಬರೆಯಬೇಕು, ಇಂಗ್ಲಿಷ್ ಸುತ್ತೋಲೆಯ ಅರ್ಥ ತಿಳಿಯಬೇಕು, ಮಗನಿಗೆ ಗಣಿತದ ಸೂತ್ರ ಬಿಡಿಸಿ ಹೇಳಬೇಕು, ಇದಕ್ಕೆಲ್ಲ ಧಾರಾಳವಾಗಿ ಬಳಸಿ. ಬಂದ ಉತ್ತರವನ್ನು ನೀವೇ ಓದಿ ನೋಡಬಹುದು, ತಪ್ಪಿದ್ದರೆ ತಿದ್ದಬಹುದು. ಕಾಡಿನ ಅಣಬೆ, ಅಪರಿಚಿತ ಸೊಪ್ಪು, ಮಾತ್ರೆಯ ಪ್ರಮಾಣ, ಹಾವು ಕಚ್ಚಿದ ಗಾಯ ಇಂಥವು ಬೇರೆ. ಇಲ್ಲಿ ಉತ್ತರದ ಮುಖ್ಯ ಭಾಗ ಫೋಟೊದ ಹೊರಗಿರುತ್ತದೆ, ತಪ್ಪಿದರೆ ತಿದ್ದಲು ಅವಕಾಶವಿರುವುದಿಲ್ಲ.

ಅಣಬೆ ತಿಂದು ಹೊಟ್ಟೆ ಕೆಟ್ಟರೆ

- ಕಾಡಿನ ಅಣಬೆ ತಿಂದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಶುರುವಾದರೆ ಫೋನಿನಲ್ಲಿ ಹುಡುಕುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.
- ಅಮಾನಿಟಾದ ವಿಷ ಲಕ್ಷಣ ತೋರಿಸಲು ಸಾಮಾನ್ಯವಾಗಿ 6 ಗಂಟೆಗಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ರಾತ್ರಿ ತಿಂದದ್ದು ಬೆಳಿಗ್ಗೆ ಕಾಡಬಹುದು.
- ಒಂದು ದಿನದ ನಂತರ ವಾಂತಿ ನಿಂತು ಹುಷಾರಾದಂತೆ ಕಾಣಬಹುದು. ಅದು ಮೋಸ. ಆ ಹೊತ್ತಿನಲ್ಲೇ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ.
- ಉಳಿದ ಅಣಬೆ ಅಥವಾ ಸಾರು ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ. ಅದೇ ಸಾರು ತಿಂದ ಎಲ್ಲರನ್ನೂ ಕರೆದೊಯ್ಯಿರಿ, ಅವರಿಗೆ ಲಕ್ಷಣ ಇಲ್ಲದಿದ್ದರೂ ಸರಿ.

ಕೊನೆಗೆ

ಚಿಕ್ಕಪ್ಪನ ಮಗ ಈಗಲೂ ಎಐ ಬಳಸುತ್ತಾನೆ, ನಾನೂ ಬಳಸುತ್ತೇನೆ. ಆ ಫಾರ್ವರ್ಡ್ ಬಂದ ಗುಂಪಿನಲ್ಲಿ ಅವನು ಮರುದಿನ ಬರೆದದ್ದು ಎರಡೇ ಸಾಲು: "ನಿನ್ನೆ ಫೋನು 'ತಿನ್ನಿ' ಅಂತು. ಅಜ್ಜಿ 'ಬುಡ ಎಲ್ಲಿ' ಅಂದರು." ಕೆಳಗೆ ದೊಡ್ಡಪ್ಪನ ಉತ್ತರ: "ನನ್ನ ಮೆಸೇಜಿಗೂ ಬುಡ ಇರಲಿಲ್ಲ ಬಿಡು."

ಮುಂದಿನ ಸಲ ಎಐ ಕೊಟ್ಟ ಉತ್ತರವೋ, ಯಾರೋ ಕಳಿಸಿದ ಫಾರ್ವರ್ಡೋ ಕೈಗೆ ಬಂದಾಗ, ಮುಂದಕ್ಕೆ ಕಳಿಸುವ ಮೊದಲು ಅದನ್ನೇ ಕೇಳಿ. ಇದರ ಬುಡ ಎಲ್ಲಿದೆ? ನಾನು ನೋಡಿದ್ದೇನೆಯೇ? ತಪ್ಪಾದರೆ ಉಣ್ಣುವವರು ಯಾರು?